ಗಲ್ಲಾಪೆಟ್ಟಿಗೆಗೆ ಬಂದ ಸ್ಮಾರಕ ನಾಣ್ಯಗಳು: ಚಲಾವಣೆ ಉಂಟೇ, ಬೆಲೆ ಎಷ್ಟು?

ಪ್ರಶ್ನೆ: ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಗಲ್ಲಾಕ್ಕೆ ಬಂದ ಬೇರೆ ಬೇರೆ ಚಿತ್ರದ ನಾಣ್ಯಗಳನ್ನು ಬಹಳ ವರ್ಷಗಳಿಂದ ಒಂದು ಡಬ್ಬಿಯಲ್ಲಿ ತೆಗೆದಿಡುತ್ತ ಬಂದಿದ್ದೇನೆ. ಬಸವಣ್ಣನವರ ಐದು ರೂಪಾಯಿ, ಆನೆಯ ಚಿತ್ರದ ಎರಡು ರೂಪಾಯಿ, ನೆಹರೂ ಅವರ ಒಂದು ರೂಪಾಯಿ, ಇಂದಿರಾ ಗಾಂಧಿಯವರ ದೊಡ್ಡ ಐದು ರೂಪಾಯಿ, ಗಾಂಧೀಜಿಯವರ ಹಳದಿ ಇಪ್ಪತ್ತು ಪೈಸೆ, ಏಷ್ಯನ್ ಕ್ರೀಡಾಕೂಟದ ನಾಲ್ಕಾಣೆ, ವೈಷ್ಣೋದೇವಿಯ ಹತ್ತು ರೂಪಾಯಿ ಇವೆ. ಸ್ಮಾರಕ ನಾಣ್ಯಗಳೆಂದರೆ ಸಂಗ್ರಹಕ್ಕಾಗಿ ಮಾಡಿದವು ಎನ್ನುತ್ತಾರೆ. ಹಾಗಿದ್ದರೆ ಇವು ಗಿರಾಕಿಗಳ ಕೈಗೆ ಹೇಗೆ ಬಂದವು? ಇಂದಿಗೂ ನಡೆಯುತ್ತವೆಯೇ? ವೈಷ್ಣೋದೇವಿಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊಬೈಲಿಗೆ ಸಂದೇಶಗಳು ಬರುತ್ತಿವೆ, ನಂಬಬಹುದೇ?

ಉತ್ತರ: ನೀವು ವಿವರಿಸಿರುವ ಏಳು ಬಗೆಯ ನಾಣ್ಯಗಳೂ ಭಾರತ ಸರ್ಕಾರ ಹೊರಡಿಸಿದ ಸ್ಮಾರಕ ನಾಣ್ಯಗಳೇ, ಮತ್ತು ಏಳೂ ಜನರ ಕೈಯಲ್ಲಿ ಓಡಾಡಲೆಂದೇ ಟಂಕಸಾಲೆಯಿಂದ ಹೊರಬಂದವು. ಯಾರೋ ಸಂಗ್ರಹಕಾರರ ಪೆಟ್ಟಿಗೆಯಿಂದ ಜಾರಿ ನಿಮ್ಮ ಗಲ್ಲಾಕ್ಕೆ ಬಿದ್ದವಲ್ಲ. ಅವುಗಳಲ್ಲಿ ಐದು ಇಂದಿಗೂ ಕಾನೂನಿನ ಪ್ರಕಾರ ಹಣ. ಎರಡು ಹಣವಾಗಿ ಉಳಿದಿಲ್ಲ. ಲಕ್ಷಗಟ್ಟಲೆ ಬೆಲೆಯ ಮಾತನ್ನು ಮಾತ್ರ ಖಂಡಿತ ನಂಬಬೇಡಿ. ಈ ಮೂರಕ್ಕೂ ಕಾರಣಗಳನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಮುಂದೆ ಗಲ್ಲಾಕ್ಕೆ ಬರುವ ಹೊಸ ನಾಣ್ಯವನ್ನು ನೀವೇ ಅಳೆಯಬಹುದು.

ಸ್ಮಾರಕ ನಾಣ್ಯವೆಂದರೆ ಸಂಗ್ರಹದ ವಸ್ತು ಎಂಬ ಭಾವನೆ ಬಂದದ್ದು ಒಂದೇ ಸಂದರ್ಭಕ್ಕೆ ಸರ್ಕಾರ ಎರಡು ಬಗೆಯ ನಾಣ್ಯಗಳನ್ನು ಹೊರಡಿಸುವುದರಿಂದ. ಒಬ್ಬ ಮಹನೀಯರ ಶತಮಾನೋತ್ಸವವೋ ಒಂದು ಸಂಸ್ಥೆಯ ಸುವರ್ಣ ಮಹೋತ್ಸವವೋ ಬಂದಾಗ ಒಂದು, ಎರಡು, ಐದು ಅಥವಾ ಹತ್ತು ರೂಪಾಯಿಯ ನಾಣ್ಯವನ್ನು ದೊಡ್ಡ ಪ್ರಮಾಣದಲ್ಲಿ ಅಚ್ಚು ಹಾಕಿ ರಿಸರ್ವ್ ಬ್ಯಾಂಕಿಗೆ ಕೊಡುತ್ತಾರೆ. ಅಲ್ಲಿಂದ ಅದು ಬ್ಯಾಂಕುಗಳ ನಾಣ್ಯ ಕೋಠಿಗಳಿಗೆ, ಅಲ್ಲಿಂದ ಶಾಖೆಯ ಕೌಂಟರಿಗೆ, ಬಸ್ ಕಂಡಕ್ಟರರ ಚೀಲಕ್ಕೆ, ಕೊನೆಗೆ ನಿಮ್ಮ ಅಂಗಡಿಗೆ ಬರುತ್ತದೆ. ಅದೇ ಸಂದರ್ಭಕ್ಕೆ ನೂರು, ನೂರೈವತ್ತು, ಕೆಲವೊಮ್ಮೆ ಸಾವಿರ ರೂಪಾಯಿ ಮುಖಬೆಲೆಯ, ಬೆಳ್ಳಿ ಬೆರೆತ ಇನ್ನೊಂದು ನಾಣ್ಯವನ್ನು ಟಂಕಸಾಲೆ ಮಾಡಿ, ಡಬ್ಬಿಯಲ್ಲಿಟ್ಟು, ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಮುಂಗಡ ಕಾಯ್ದಿರಿಸಿದವರಿಗೆ ಮಾರುತ್ತದೆ. ಬಸವೇಶ್ವರರ ಹೆಸರಿನಲ್ಲಿ 2006ರಲ್ಲಿ ಐದು ರೂಪಾಯಿಯ ನಾಣ್ಯವೂ ನೂರು ರೂಪಾಯಿಯ ನಾಣ್ಯವೂ ಬಂದವು. ನೂರರದು ಅರ್ಧದಷ್ಟು ಬೆಳ್ಳಿಯಿರುವ ಮಿಶ್ರಲೋಹ. ಅದು ಯಾವ ಅಂಗಡಿಗೂ ಚಿಲ್ಲರೆಯಾಗಿ ಬರುವುದಿಲ್ಲ. ಐದರದು ನಿಮ್ಮ ಡಬ್ಬಿಯಲ್ಲಿದೆ. ಒಂದರ ಬೆಲೆಯನ್ನು ಇನ್ನೊಂದಕ್ಕೆ ಅಂಟಿಸಿ ಹೇಳುವುದರಿಂದಲೇ ಅರ್ಧಕ್ಕರ್ಧ ಗೊಂದಲ ಹುಟ್ಟುತ್ತದೆ.

ಸ್ವತಂತ್ರ ಭಾರತದಲ್ಲಿ ಈ ಪದ್ಧತಿ ಆರಂಭವಾದದ್ದೇ ಚಲಾವಣೆಯ ನಾಣ್ಯದಿಂದ. ನೆಹರೂ ಅವರು 1964ರ ಮೇ ತಿಂಗಳಲ್ಲಿ ತೀರಿಕೊಂಡ ಮೇಲೆ ಅದೇ ವರ್ಷ ಅವರ ಮುಖವಿರುವ ಒಂದು ರೂಪಾಯಿ ಮತ್ತು ಎಂಟಾಣೆಯ ನಾಣ್ಯಗಳು ಬಂದವು. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಗೆ ಇಪ್ಪತ್ತು ಪೈಸೆ, ಐವತ್ತು ಪೈಸೆ, ಒಂದು ರೂಪಾಯಿಗಳು ಬಂದವು, ಜೊತೆಗೆ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ. ಆ ಬಳಿಕದ ಒಂದೂವರೆ ದಶಕದಲ್ಲಿ ಸರ್ಕಾರ ತನ್ನ ಕಾರ್ಯಕ್ರಮಗಳ ಸಂದೇಶವನ್ನೇ ಪೈಸೆಗಳ ಮೇಲೆ ಅಚ್ಚು ಹಾಕತೊಡಗಿತು. ಹೆಚ್ಚು ಆಹಾರ ಬೆಳೆಯಿರಿ ಎಂದು 1973ರ ಐವತ್ತು ಪೈಸೆ ಹೇಳಿದರೆ, 1974ರ ಹತ್ತು ಪೈಸೆ ಕುಟುಂಬ ಯೋಜನೆಯನ್ನು ಹೇಳಿತು. 1979ರಲ್ಲಿ ಅಂತರರಾಷ್ಟ್ರೀಯ ಮಕ್ಕಳ ವರ್ಷ, 1980ರಲ್ಲಿ ಗ್ರಾಮೀಣ ಮಹಿಳೆಯರ ಪ್ರಗತಿ, 1986ರಲ್ಲಿ ಮೀನುಗಾರಿಕೆ, 1987ರಲ್ಲಿ ಸಣ್ಣ ರೈತರು. ರೇಡಿಯೋ ಇಲ್ಲದ ಮನೆಗೂ ಸಂತೆಯ ದಿನ ಹತ್ತು ಪೈಸೆ ಹೋಗಿಯೇ ಹೋಗುತ್ತಿತ್ತು ಎಂಬುದನ್ನು ನೆನೆದರೆ ಆ ಯೋಚನೆಯ ಬಲ ಅರ್ಥವಾಗುತ್ತದೆ. ನಿಮ್ಮ ಏಷ್ಯನ್ ಕ್ರೀಡಾಕೂಟದ ನಾಲ್ಕಾಣೆ 1982ರ ದೆಹಲಿ ಕ್ರೀಡಾಕೂಟದ್ದು, ಈ ಸಾಲಿಗೇ ಸೇರಿದ್ದು.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ. ನಾವು ಸಾಮಾನ್ಯ ನಾಣ್ಯವೆಂದುಕೊಂಡದ್ದರ ಬೇರೂ ಕೆಲವೊಮ್ಮೆ ಸ್ಮಾರಕ ನಾಣ್ಯದಲ್ಲಿರುತ್ತದೆ. ಭಾರತದ ಭೂಪಟದೊಳಗೆ ಧ್ವಜವಿರುವ ಎರಡು ರೂಪಾಯಿಯನ್ನು ಜ್ಞಾಪಿಸಿಕೊಳ್ಳಿ. ಅದರ ಅಂಚಿನಲ್ಲಿ ರಾಷ್ಟ್ರೀಯ ಏಕತೆ ಎಂಬ ಬರಹವಿದೆ. 1982ರಲ್ಲಿ ಆ ವಿಷಯಕ್ಕಾಗಿ ಬಂದ ವಿನ್ಯಾಸವೇ ಮುಂದೆ ಹನ್ನೊಂದು ಮೂಲೆಯ ಚಿಕ್ಕ ನಾಣ್ಯಕ್ಕೆ ಇಳಿದು 2004ರವರೆಗೂ ದಿನನಿತ್ಯದ ಎರಡು ರೂಪಾಯಿಯಾಗಿ ಉಳಿಯಿತು. ಐದು ರೂಪಾಯಿಯ ಕಥೆಯೂ ಹಾಗೆಯೇ. ಚಲಾವಣೆಗೆ ಐದು ರೂಪಾಯಿಯ ನಾಣ್ಯ ಮೊದಲು ಬಂದದ್ದು 1985ರಲ್ಲಿ, ಇಂದಿರಾ ಗಾಂಧಿಯವರ ಸ್ಮರಣೆಗೆ. ನಿಮ್ಮಲ್ಲಿರುವ ಆ ದೊಡ್ಡ ನಾಣ್ಯ ಅದೇ: ಹನ್ನೆರಡೂವರೆ ಗ್ರಾಂ ತೂಕ, 31 ಮಿಲಿಮೀಟರ್ ಅಗಲ. ಜೇಬಿಗೆ ಅದು ಭಾರವಾಯಿತು. 1992ರಲ್ಲಿ ಸಾಮಾನ್ಯ ಐದು ರೂಪಾಯಿ ಬಂದಾಗ ತೂಕ ಒಂಬತ್ತು ಗ್ರಾಮಿಗೂ ಅಗಲ 23 ಮಿಲಿಮೀಟರಿಗೂ ಇಳಿದಿತ್ತು.

ಆನೆಯ ನಾಣ್ಯದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಹುಬ್ಬಳ್ಳಿಯವರಾದ ನಿಮಗೆ ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಭೂತಕನ್ನಡಿ ಹಿಡಿದು ನೋಡಿದರೆ ಅದು ಬರೀ ಆನೆಯಲ್ಲ, ಸಮವಸ್ತ್ರ ತೊಟ್ಟು, ಕೈಯಲ್ಲಿ ದೀಪ ಹಿಡಿದು ನಿಂತ ರೈಲ್ವೆ ಗಾರ್ಡ್ ಎಂಬುದು ಕಾಣುತ್ತದೆ. ಹೆಸರು ಭೋಲು. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತ್ತು. ಅದರ ನೂರೈವತ್ತನೆಯ ವರ್ಷಾಚರಣೆಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಈ ಆನೆಯನ್ನು ರೂಪಿಸಿತು, ಮತ್ತು ಅದು ಮೊದಲು ಜನರ ಮುಂದೆ ಬಂದದ್ದು 2002ರ ಏಪ್ರಿಲ್ 16ರಂದು ನಮ್ಮ ಬೆಂಗಳೂರಿನಲ್ಲಿ. ಮಾರನೆಯ ವರ್ಷ, 2003ರಲ್ಲಿ, ಅದು ಎರಡು ರೂಪಾಯಿಯ ಮೇಲೆ ಬಂತು. ಅದೇ ವರ್ಷದ ಏಪ್ರಿಲ್ ಒಂದರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ವಲಯ ಕೆಲಸ ಆರಂಭಿಸಿತ್ತು. ಆ ನಾಣ್ಯಕ್ಕೂ ನಮ್ಮ ವಲಯಕ್ಕೂ ನೇರ ಸಂಬಂಧವಿಲ್ಲ, ಆದರೂ ವಲಯಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಊರಿನ ಗಲ್ಲಾಗಳಲ್ಲಿ ಅದೇ ವರ್ಷ ರೈಲ್ವೆಯ ಆನೆ ಓಡಾಡಿತೆಂಬುದು ನನಗೆ ಪ್ರಿಯವಾದ ಸಂಗತಿ. ಈ ನಾಣ್ಯ ಇಂದಿಗೂ ಅಪರೂಪವಲ್ಲ, ಹುಡುಕಿದರೆ ಸಿಗುತ್ತದೆ. ಆದರೆ ಆನೆಯ ಮೈಮೇಲಿನ ಗೆರೆಗಳು ಎತ್ತರದಲ್ಲಿರುವುದರಿಂದ ಬೇಗ ಸವೆಯುತ್ತವೆ. ಸಮವಸ್ತ್ರದ ವಿವರಗಳು ಸ್ಪಷ್ಟವಾಗಿ ಉಳಿದಿರುವುದು ಸಿಕ್ಕರೆ ತೆಗೆದಿಡಿ.

ಬಸವಣ್ಣನವರ ನಾಣ್ಯ ನಮ್ಮ ಭಾಗದಲ್ಲಿ ಕಡಿಮೆ ಕಾಣುವುದಕ್ಕೆ ಕಾರಣ ಬೇರೆ. ಧಾರವಾಡ, ಗದಗ, ಹಾವೇರಿಯ ಎಷ್ಟೋ ಮನೆಗಳಲ್ಲಿ ಅದು ದೇವರ ಜಗಲಿ ಸೇರಿಬಿಟ್ಟಿದೆ. ಕೈಗೆ ಬಂದವರು ಖರ್ಚು ಮಾಡುವುದಿಲ್ಲ, ಹೀಗಾಗಿ ಚಲಾವಣೆಯಲ್ಲಿ ಅದು ಕಾಣೆಯಾಗುತ್ತದೆ, ಕಾಣೆಯಾದದ್ದನ್ನು ಜನ ಅಪರೂಪವೆಂದು ತಿಳಿಯುತ್ತಾರೆ. ಮನೆಮನೆಯಲ್ಲಿ ಭದ್ರವಾಗಿರುವ ನಾಣ್ಯ ಮಾರುಕಟ್ಟೆಯ ಲೆಕ್ಕದಲ್ಲಿ ಅಪರೂಪವಲ್ಲ. ವೈಷ್ಣೋದೇವಿಯ ನಾಣ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಬಸವಣ್ಣನವರು ನಾಣ್ಯದ ಮೇಲೆ ಬಂದದ್ದರಲ್ಲಿ ಒಂದು ವಿಶೇಷ ಔಚಿತ್ಯವಿದೆ: ಅವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು, ನಾಣ್ಯದ ಲೆಕ್ಕ ನೋಡಿದವರು. ಆ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ಬರುತ್ತದೆ. ಲೊಕ್ಕಿ ಗದ್ಯಾಣವೆಂದು ಹೆಸರಾದ ಹೊನ್ನಿನ ನಾಣ್ಯ ಗದಗ ಸಮೀಪದ ಲಕ್ಕುಂಡಿಯ, ಅಂದರೆ ಅಂದಿನ ಲೊಕ್ಕಿಗುಂಡಿಯ ಟಂಕಸಾಲೆಯದು. ನಾಣ್ಯ ಅಚ್ಚು ಹಾಕಿದ ನೆಲ ನಮ್ಮದು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಲು ಈ ಐದು ರೂಪಾಯಿಗಿಂತ ಒಳ್ಳೆಯ ನೆಪ ಬೇಕಿಲ್ಲ.

ಹಾಗೆಯೇ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಐವತ್ತು ವರ್ಷಗಳ ನೆನಪಿಗೆ 2007ರಲ್ಲಿ ಬಂದ ಐದು ರೂಪಾಯಿ ನಿಮ್ಮ ಗಲ್ಲಾಕ್ಕೆ ಬಂದರೆ ಬಿಡಬೇಡಿ. ಆಯೋಗ ಹುಟ್ಟಿದ 1957ರಲ್ಲೇ, ಇಂದು ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ನಮ್ಮ ಖಾದಿ ಸಂಯುಕ್ತ ಸಂಘವೂ ಹುಟ್ಟಿತು.

ಇನ್ನು ಚಲಾವಣೆಯ ವಿಷಯ. 2011ರ ನಾಣ್ಯ ಕಾಯ್ದೆಯ ಪ್ರಕಾರ ಸ್ಮಾರಕ ನಾಣ್ಯಕ್ಕೂ ಸಾಮಾನ್ಯ ನಾಣ್ಯಕ್ಕೂ ಪಾವತಿಯ ಮಟ್ಟಿಗೆ ಭೇದವಿಲ್ಲ; ಚಿತ್ರ ಯಾವುದೇ ಇರಲಿ, ಅದರ ಮೇಲಿನ ಮುಖಬೆಲೆಯೇ ಅದರ ಬೆಲೆ. ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳನ್ನು ಒಟ್ಟು ಸಾವಿರ ರೂಪಾಯಿವರೆಗಿನ ಪಾವತಿಗೆ, ಐವತ್ತು ಪೈಸೆಯ ನಾಣ್ಯಗಳನ್ನು ಹತ್ತು ರೂಪಾಯಿವರೆಗಿನ ಪಾವತಿಗೆ ಕೊಡಬಹುದು. ನಾಣ್ಯ ವಿರೂಪಗೊಂಡಿರಬಾರದು, ತೂಕ ನಿಗದಿಗಿಂತ ಇಳಿದಿರಬಾರದು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯ ಮಾನ್ಯತೆ ಕಳೆದುಕೊಂಡವು. ಆದ್ದರಿಂದ ನಿಮ್ಮ ಏಷ್ಯನ್ ಕ್ರೀಡಾಕೂಟದ ನಾಲ್ಕಾಣೆ ಮತ್ತು ಗಾಂಧೀಜಿಯವರ ಇಪ್ಪತ್ತು ಪೈಸೆ ಈಗ ಸಂಗ್ರಹದ ವಸ್ತುಗಳು ಮಾತ್ರ. ನೆಹರೂ, ಇಂದಿರಾ, ಭೋಲು, ಬಸವಣ್ಣ, ವೈಷ್ಣೋದೇವಿ ಇಂದಿಗೂ ಹಣ. ಇಂದಿರಾ ಅವರ ಎಂಟಾಣೆ ಯಾರಾದರೂ ತಂದರೆ ಅದೂ ಕಾನೂನಿನ ಪ್ರಕಾರ ಹಣವೇ, ಪೇಟೆಯಲ್ಲಿ ಯಾರೂ ತೆಗೆದುಕೊಳ್ಳದಿದ್ದರೂ ಸಹ.

ನಾಣ್ಯ ಗುರುತಿಸುವಾಗ ಎಲ್ಲರೂ ಎಡವುವ ಒಂದು ಕಡೆ ಇದೆ, ಅದು ಇಸವಿ. ಗಾಂಧೀಜಿಯವರ ಇಪ್ಪತ್ತು ಪೈಸೆಯ ಮೇಲೆ 1869–1948 ಎಂದಿದೆ. ಅದನ್ನು 1948ರ ನಾಣ್ಯವೆಂದೂ, ಕೆಲವರು 1869ರ ನಾಣ್ಯವೆಂದೂ ಹೇಳಿ ಮಾರಲು ನೋಡುತ್ತಾರೆ. ಅವು ಜನನ ಮತ್ತು ಮರಣದ ವರ್ಷಗಳು. ನಾಣ್ಯ ಬಂದದ್ದು 1969ರಲ್ಲಿ. ನಮ್ಮ ದೇಶದಲ್ಲಿ ದಶಮಾಂಶ ಪದ್ಧತಿಯ ಪೈಸೆಗಳು ಬಂದದ್ದೇ 1957ರಲ್ಲಿ ಎಂಬುದೊಂದನ್ನು ನೆನಪಿಟ್ಟರೆ ಇಂಥ ಮಾತಿಗೆ ಮರುಳಾಗುವ ಪ್ರಸಂಗ ಬರುವುದಿಲ್ಲ. ಅದೇ ನಾಣ್ಯದಲ್ಲಿ ಬಂಗಾರವಿದೆ ಎಂಬ ಮಾತೂ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ತಾಮ್ರಕ್ಕೆ ಅಲ್ಯುಮಿನಿಯಂ ಬೆರೆಸಿದಾಗ ಬರುವ ಹಳದಿ ಅದು. ಬಂಗಾರದ ಲವಲೇಶವೂ ಇಲ್ಲ. ಕರಗಿಸಲು ಹೋಗಬೇಡಿ. ನಾಣ್ಯವನ್ನು ಕರಗಿಸುವುದು, ನಾಶಪಡಿಸುವುದು ಕಾಯ್ದೆಯ ಪ್ರಕಾರ ಅಪರಾಧ.

ನೆಹರೂ ಅವರ ಒಂದು ರೂಪಾಯಿ ಯಾವ ವರ್ಷದ್ದೆಂದು ನೀವು ತಿಳಿಸಿಲ್ಲ. ಎರಡು ಇವೆ. 1964ರದು ಶುದ್ಧ ನಿಕಲ್ಲಿನದು, 1889–1964 ಎಂಬ ವರ್ಷಗಳಿವೆ. 1989ರದು ಜನ್ಮಶತಾಬ್ದಿಯದು, ತಾಮ್ರ ಮತ್ತು ನಿಕಲ್ಲಿನ ಮಿಶ್ರಲೋಹ. ಬರಹ ಸವೆದಿದ್ದರೆ ಒಂದು ಅಯಸ್ಕಾಂತ ಸಾಕು: ನಿಕಲ್ ಅಂಟಿಕೊಳ್ಳುತ್ತದೆ, ತಾಮ್ರ ಮುಕ್ಕಾಲು ಭಾಗವಿರುವ ಮಿಶ್ರಲೋಹ ಅಂಟುವುದಿಲ್ಲ. ಮೊದಲನೆಯದು ನಮ್ಮ ಮೊದಲ ಸ್ಮಾರಕ ನಾಣ್ಯವಾದ್ದರಿಂದ ಸಂಗ್ರಹಕಾರರು ಕೇಳುತ್ತಾರೆ. ಇದೇ ಅಯಸ್ಕಾಂತವನ್ನು ಬಸವಣ್ಣನವರ ನಾಣ್ಯಕ್ಕೂ ಹಿಡಿದು ನೋಡಿ. 2006–07ರ ಸುಮಾರಿಗೆ ಲೋಹದ ಬೆಲೆ ಏರಿದ್ದರಿಂದ ಐದು ರೂಪಾಯಿ ತಾಮ್ರ–ನಿಕಲ್ಲಿನಿಂದ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿತು, ಆ ಅವಧಿಯ ಕೆಲವು ಸ್ಮಾರಕ ನಾಣ್ಯಗಳು ಎರಡೂ ಲೋಹಗಳಲ್ಲಿ ಸಿಗುತ್ತವೆ. ಒಂದೇ ಚಿತ್ರದ ಎರಡು ಲೋಹಗಳಲ್ಲಿ ಒಂದು ಕಡಿಮೆ ಸಿಗುವುದಾಗಿದ್ದರೆ ಬೆಲೆಯಲ್ಲಿ ವ್ಯತ್ಯಾಸ ಬರುವುದು ಅಲ್ಲಿಯೇ.

ಎರಡನೆಯದಾಗಿ ಟಂಕಸಾಲೆಯ ಗುರುತು. ಸಾಮಾನ್ಯವಾಗಿ ಇಸವಿಯ ಕೆಳಗೆ ನೋಡಬೇಕು. ವಜ್ರದ ಆಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ; ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ಸ್ಮಾರಕ ನಾಣ್ಯ ಮೂರು ಟಂಕಸಾಲೆಗಳಿಂದ ಬಂದು, ಅವುಗಳಲ್ಲಿ ಒಂದರದು ಮಾತ್ರ ವಿರಳವಾಗಿರುವುದು ಉಂಟು.

ಬೆಲೆಯನ್ನು ನಿರ್ಧರಿಸುವುದು ಎಷ್ಟು ನಾಣ್ಯ ಬಂದವು, ಈಗ ಯಾವ ಸ್ಥಿತಿಯಲ್ಲಿವೆ, ಎಷ್ಟು ಜನಕ್ಕೆ ಬೇಕು ಎಂಬ ಮೂರೇ ವಿಷಯಗಳು. ವಯಸ್ಸಾಗಲಿ, ಅದರ ಮೇಲಿನ ದೇವರಾಗಲಿ ಮಹನೀಯರಾಗಲಿ ಬೆಲೆ ತರುವುದಿಲ್ಲ. ಚಲಾವಣೆಗೆ ಬಿಟ್ಟ ಸ್ಮಾರಕ ನಾಣ್ಯವೂ ದುಬಾರಿಯಾಗಬಲ್ಲದು, ಇಲ್ಲವೆನ್ನುವುದಿಲ್ಲ. ಇಂಗ್ಲೆಂಡಿನಲ್ಲಿ ಕ್ಯೂ ಸಸ್ಯೋದ್ಯಾನದ 250ನೆಯ ವರ್ಷಕ್ಕೆ 2009ರಲ್ಲಿ ಐವತ್ತು ಪೆನ್ಸಿನ ನಾಣ್ಯ ಬಂತು. ಬಿಟ್ಟದ್ದು ಕೇವಲ 2,10,000. ಜನ ಚಿಲ್ಲರೆಯಲ್ಲಿ ಅದನ್ನು ಹುಡುಕತೊಡಗಿದರು, ಬೆಲೆ ಮುಖಬೆಲೆಯ ಎಷ್ಟೋ ಪಟ್ಟು ಏರಿತು. ನಮ್ಮ ಚಲಾವಣೆಯ ಸ್ಮಾರಕ ನಾಣ್ಯಗಳ ಪ್ರಮಾಣ ಅದಕ್ಕಿಂತ ಬಹಳ ದೊಡ್ಡದು. ಹುಬ್ಬಳ್ಳಿಯ ಒಂದು ಕಿರಾಣಿ ಅಂಗಡಿಗೆ ಗಿರಾಕಿಯ ಕೈಯಿಂದ ಸಹಜವಾಗಿ ಬಂದ ನಾಣ್ಯ ದೇಶದ ಎಲ್ಲ ಊರುಗಳಿಗೂ ಹಾಗೆಯೇ ಬಂದಿರುತ್ತದೆ. ಸವೆದ ಬಸವಣ್ಣ, ಭೋಲು ಅಥವಾ ವೈಷ್ಣೋದೇವಿ ನಾಣ್ಯಕ್ಕೆ ಪ್ರಾಮಾಣಿಕ ನಾಣ್ಯ ವ್ಯಾಪಾರಿ ಕೊಡುವುದು ಮುಖಬೆಲೆ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ಬ್ಯಾಂಕಿನ ಚೀಲದಿಂದ ನೇರ ತೆಗೆದಿಟ್ಟ, ಗೀರಿಲ್ಲದ ಹೊಳಪಿನ ನಾಣ್ಯಕ್ಕೆ ಇನ್ನಷ್ಟು.

ಹೀಗಿರುವಾಗ ಲಕ್ಷಗಟ್ಟಲೆಯ ಸಂದೇಶಗಳ ಹಿಂದಿನ ಲೆಕ್ಕ ತಿಳಿಯುವುದು ಕಷ್ಟವಲ್ಲ. ಅವರಿಗೆ ನಿಮ್ಮ ನಾಣ್ಯ ಬೇಕಿಲ್ಲ. ಮೊದಲು ಫೋಟೋ ಕೇಳುತ್ತಾರೆ, ನಾಣ್ಯ ಅಸಲಿ ಎಂದು ಒಪ್ಪುತ್ತಾರೆ, ರಿಸರ್ವ್ ಬ್ಯಾಂಕಿನ ಲಾಂಛನವಿರುವ ಪತ್ರವನ್ನೂ ಕಳಿಸುತ್ತಾರೆ. ಆಮೇಲೆ ನೋಂದಣಿ ಶುಲ್ಕ, ಕಮಿಷನ್, ತೆರಿಗೆ ಎಂದು ಒಂದೊಂದಾಗಿ ನಿಮ್ಮಿಂದಲೇ ಹಣ ಕೀಳುತ್ತಾರೆ. ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತನಗೆ ಯಾವ ಪಾತ್ರವೂ ಇಲ್ಲ, ಯಾವ ಶುಲ್ಕವನ್ನೂ ತಾನು ಕೇಳುವುದಿಲ್ಲ, ಯಾರಿಗೂ ಅಂಥ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಬಹಿರಂಗವಾಗಿ ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕು; ಮಾರುವ ನಿಮ್ಮಿಂದ ಮುಂಗಡ ಕೇಳಿದ ಕ್ಷಣವೇ ಮಾತು ನಿಲ್ಲಿಸಿ. ಅಕಸ್ಮಾತ್ ಯಾರಾದರೂ ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇದರ ಜೊತೆಗೆ, ನಿಮ್ಮಂಥ ವ್ಯಾಪಾರಿಗಳಲ್ಲಿ ನನ್ನದೊಂದು ಕಳಕಳಿಯ ಮನವಿ ಇದೆ. ಹತ್ತು ರೂಪಾಯಿಯ ನಾಣ್ಯವನ್ನು ನಮ್ಮ ಪೇಟೆಗಳಲ್ಲಿ ಹಲವರು ಮುಟ್ಟುವುದಿಲ್ಲ. ಅದಕ್ಕೊಂದು ಕಾರಣ ಸ್ಮಾರಕ ನಾಣ್ಯಗಳೇ: ಪರಮಾಣು ವಿಜ್ಞಾನಿ ಹೋಮಿ ಭಾಭಾ ಅವರ ಮುಖ, ವೈಷ್ಣೋದೇವಿ, ಸಂಸತ್ ಭವನ, ಅಂಬೇಡ್ಕರ್, ಯೋಗ ದಿನ ಹೀಗೆ ಒಂದೇ ಮುಖಬೆಲೆಗೆ ಹಲವು ಚಿತ್ರಗಳು ಬಂದದ್ದರಿಂದ, ರೂಪಾಯಿ ಚಿಹ್ನೆ ಕೆಲವದರಲ್ಲಿದ್ದು ಕೆಲವದರಲ್ಲಿ ಇಲ್ಲದ್ದರಿಂದ, ಯಾವುದೋ ಒಂದು ನಕಲಿ ಎಂಬ ವದಂತಿ ಹುಟ್ಟಿತು. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಅಲ್ಲಿಯವರೆಗಿನ ಹದಿನಾಲ್ಕು ವಿನ್ಯಾಸಗಳನ್ನೂ ಹೆಸರಿಸಿ, ಎಲ್ಲವೂ ಮಾನ್ಯವೆಂದು ಸ್ಪಷ್ಟಪಡಿಸಿದೆ. ನಾಣ್ಯದ ಮೇಲೆ ಅಚ್ಚಾದ ಗೆರೆಗಳು ಹತ್ತು ಇರಲಿ, ಹದಿನೈದು ಇರಲಿ, ಎರಡೂ ಅಸಲಿ. ದಿನಗೂಲಿಯವರು ತಂದ ಹತ್ತು ರೂಪಾಯಿಯನ್ನು ನಾವು ತಿರುಗಿಸಿ ಕಳಿಸಿದರೆ ಅವರ ಪಾಲಿಗೆ ಅಷ್ಟು ದುಡಿಮೆ ವ್ಯರ್ಥವಾದಂತೆ. ನೀವು ಪಡೆದುಕೊಳ್ಳಿ. ಚಿಲ್ಲರೆ ಹೆಚ್ಚಾದರೆ ಬ್ಯಾಂಕಿಗೆ ಒಯ್ಯಿರಿ. ನಾಣ್ಯಗಳನ್ನು ಶಾಖೆಗಳು ನಿರಾಕರಿಸುವಂತಿಲ್ಲ. ಒಂದು, ಎರಡು ರೂಪಾಯಿಗಳನ್ನು ನೂರು ನೂರು ಎಣಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಕೊಂಡು ಹೋದರೆ ಕೌಂಟರಿನವರಿಗೂ ಅನುಕೂಲ.

ಕೊನೆಯದಾಗಿ ಡಬ್ಬಿಯ ವಿಚಾರ. ಎಲ್ಲವನ್ನೂ ಒಟ್ಟಿಗೆ ಹಾಕಿದ್ದರೆ ಒಂದಕ್ಕೊಂದು ಉಜ್ಜಿ ಗೀರು ಬೀಳುತ್ತದೆ. ಪ್ರತಿ ಬಗೆಯಲ್ಲಿ ಗುರುತು ಸ್ಪಷ್ಟವಾಗಿರುವ ಒಂದೆರಡನ್ನು ಆರಿಸಿ, ಒಣ ಕಾಗದದ ಲಕೋಟೆಯಲ್ಲಿ ಬೇರೆ ಬೇರೆ ಇಡಿ. ಲಕೋಟೆಯ ಮೇಲೆ ಹೆಸರು, ಇಸವಿ, ಟಂಕಸಾಲೆಯ ಗುರುತು ಬರೆಯಿರಿ. ಹುಣಸೆಹಣ್ಣು, ಬೂದಿ, ನಿಂಬೆರಸ ಯಾವುದನ್ನೂ ಹಚ್ಚಿ ತೊಳೆಯಬೇಡಿ: ಹೊಳಪು ಬರುತ್ತದೆ, ಮೇಲ್ಮೈ ಹೋಗುತ್ತದೆ, ಮತ್ತು ಸಂಗ್ರಹಕಾರರು ಅದನ್ನು ಕಣ್ಣಿಗೆ ಬಿದ್ದ ಕೂಡಲೇ ಗುರುತಿಸುತ್ತಾರೆ. ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ. ನಾಲ್ಕಾಣೆ ಮತ್ತು ಇಪ್ಪತ್ತು ಪೈಸೆಗಳನ್ನು ಎಷ್ಟಿದ್ದರೂ ಇಟ್ಟುಕೊಳ್ಳಿ, ಅವಕ್ಕೆ ಹೋಗಲು ಬೇರೆ ಜಾಗವಿಲ್ಲ. ಉಳಿದ ಐದು ಬಗೆಯಲ್ಲಿ ಸವೆದು ಹೆಚ್ಚಾಗಿರುವವನ್ನು ನಿಶ್ಚಿಂತೆಯಿಂದ ಗಿರಾಕಿಗಳಿಗೆ ಚಿಲ್ಲರೆಯಾಗಿ ಕೊಡಿ. 1964ರ ನೆಹರೂ ರೂಪಾಯಿ ಸಿಕ್ಕರೆ ಅದನ್ನೊಂದನ್ನು ಮಾತ್ರ ಕೊಡಬೇಡಿ.